ಕಲ್ಲಿನ ಶಾಸನ, ಕಾಣದ ಶಾಸನ

ಹಿಂದೆ ಟ್ವಿಟರ್ ಎಂದು ಪ್ರಸಿದ್ಧವಾಗಿದ್ದು ಈಗ ಎಕ್ಸ್ ಎಂಬ ಹೆಸರಿನಿಂದ ನಡೆಯುತ್ತಿರುವ ಅಮೆರಿಕೆಯ ಕಂಪೆನಿಯು ಭಾರತ ಸರ್ಕಾರದವರ ಮೇಲೆ ಹೂಡಿದ್ದ ಅರ್ಜಿಯನ್ನು ನಮ್ಮ ಉಚ್ಚ ನ್ಯಾಯಾಲಯವು ೨೦೨೫ನೆಯ ಇಸವಿ ಸೆಪ್ಟೆಂಬರ್ ೨೪ರಂದು ವಜಾ ಮಾಡಿತು. ವಿವಾದವು ದೊಡ್ಡ ಬಂಡವಾಳದ ಪರದೇಶೀ ಕಂಪೆನಿಗೂ ದೆಹಲಿಯ ದಫ್ತರಗಳಿಗೂ ನಡೆದುದು. ನಮ್ಮ ಊರುಕೇರಿಗಳಿಗೆ ಅದರಿಂದ ಆಗಬೇಕಾದುದೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕಿಕ್ಕೇರಿಯ ಪೇಟೆಯಲ್ಲಿ ಸಂತೆಯ ದಿನ ಅರ್ಧ ಗಳಿಗೆ ನಿಂತು ನೋಡಿದವರು ಹಾಗೆ ಕೇಳಲಾರರು. ಎಳನೀರು ಮಾರುವವನ ಕೈಯಲ್ಲಿ, ಬಸ್ಸಿಗೆ ಕಾದಿರುವ ಹೆಣ್ಣುಮಗಳ ಕೈಯಲ್ಲಿ, ಕಬ್ಬಿನ ಲಾರಿಯ ಚಾಲಕನ ಕೈಯಲ್ಲಿ ಇಂದು ಒಂದೊಂದು ಮೊಬೈಲು ಇದೆ. ಊರಿನ ಅರಳಿಕಟ್ಟೆಯ ಮಾತೆಲ್ಲವೂ ಅದರೊಳಕ್ಕೆ ಸರಿದಿದೆ. ಆ ಕಟ್ಟೆಯ ಮೇಲೆ ಯಾರು ಮಾತನಾಡಬಹುದು, ಯಾರ ಮಾತನ್ನು ಅಳಿಸಬಹುದು, ಅಳಿಸಿದವರು ಯಾರೆಂದು ಕೇಳುವ ಹಕ್ಕು ಮಾತನಾಡಿದವನಿಗೆ ಉಂಟೋ ಇಲ್ಲವೋ ಎಂಬುದೇ ಈ ವ್ಯಾಜ್ಯದ ತಿರುಳು. ಆದುದರಿಂದ ಇದು ನಮ್ಮದೇ ವ್ಯಾಜ್ಯ. ನ್ಯಾಯಾಲಯದ ತೀರ್ಪಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಿಯೇ ಅದರಿಂದ ಉಂಟಾಗುವ ಸ್ಥಿತಿಯನ್ನು ಪರಿಶೀಲಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ವಿಷಯದ ಸ್ವರೂಪವನ್ನು ತಿಳಿಯೋಣ. ೨೦೦೦ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಬರಹವನ್ನು ಅಡಗಿಸುವುದಕ್ಕೆ ಎರಡು ಬಾಗಿಲುಗಳುಂಟು. ಮೊದಲನೆಯದು ೬೯ಎ ಎಂಬ ಕಲಮು. ದೇಶದ ಸಾರ್ವಭೌಮತೆ, ರಕ್ಷಣೆ, ರಾಜ್ಯದ ಭದ್ರತೆ, ಪರರಾಷ್ಟ್ರಗಳೊಡನೆ ಮೈತ್ರಿ, ಸಾರ್ವಜನಿಕ ಶಾಂತಿ ಮುಂತಾದ ಎಣಿಸಿ ಹೇಳಿದ ಕಾರಣಗಳಿಗಾಗಿ ಮಾತ್ರ ಕೇಂದ್ರ ಸರ್ಕಾರದವರು ಈ ಬಾಗಿಲನ್ನು ತೆರೆಯಬಹುದು, ಕಾರಣವನ್ನು ಬರೆದಿಡಬೇಕು, ೨೦೦೯ರ ನಿಯಮಗಳಂತೆ ಸಮಿತಿಯೊಂದು ಅದನ್ನು ನೋಡಬೇಕು. ಎರಡನೆಯದು ೭೯ನೆಯ ಕಲಮು. ಪರರು ಬರೆದುದಕ್ಕೆ ಜಾಲತಾಣದ ಒಡೆಯನು ಹೊಣೆಯಲ್ಲವೆಂದು ಅಭಯ ಕೊಡುವ ಕಲಮು ಇದು. ಆದರೆ ಕಾನೂನಿಗೆ ವಿರುದ್ಧವಾದ ಬರಹವಿದೆಯೆಂದು ಸರ್ಕಾರ ತಿಳಿಯಪಡಿಸಿದ ಮೇಲೂ ತೆಗೆಯದಿದ್ದರೆ ಆ ಅಭಯ ತಪ್ಪಿಹೋಗುವುದು. ರಕ್ಷಣೆಗೆಂದು ಕಟ್ಟಿದ ಈ ಎರಡನೆಯ ಬಾಗಿಲೇ ಈಚೆಗೆ ಹೆಬ್ಬಾಗಿಲಾಗಿದೆ. ೨೦೨೪ರ ಅಕ್ಟೋಬರಿನಲ್ಲಿ ಕೇಂದ್ರದ ಗೃಹ ಖಾತೆಯವರು 'ಸಹಯೋಗ' ಎಂಬ ಪೋರ್ಟಲೊಂದನ್ನು ಸ್ಥಾಪಿಸಿದರು. ಅದರ ಮೂಲಕ ಕೇಂದ್ರದ ನಾನಾ ಖಾತೆಗಳ ಅಧಿಕಾರಿಗಳೂ ರಾಜ್ಯಗಳ ಪೊಲೀಸರೂ ಬರಹಗಳನ್ನು ತೆಗೆಯಿರೆಂದು ಕಂಪೆನಿಗಳಿಗೆ ನೇರವಾಗಿ ನಿರೂಪ ಕಳುಹಿಸಬಹುದು. ಮೊದಲನೆಯ ಬಾಗಿಲಿನ ಸಮಿತಿಯಾಗಲಿ ಅಲ್ಲಿಯ ಕಟ್ಟುಪಾಡಾಗಲಿ ಇಲ್ಲಿಲ್ಲ. ಎಕ್ಸ್ ಕಂಪೆನಿಯು ೨೦೨೫ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಅರ್ಜಿ ಹಾಕಿದ್ದು ಇದರ ಮೇಲೆ.

ಸರ್ಕಾರದ ಪಕ್ಷದಲ್ಲಿ ಹೇಳಬೇಕಾದುದು ಬಹಳವಿದೆ; ಅದನ್ನು ಮುಚ್ಚಿಟ್ಟು ವಾದಿಸುವುದು ನಮಗೆ ಒಪ್ಪದು. ೨೦೧೨ರ ಆಗಸ್ಟಿನಲ್ಲಿ ಸುಳ್ಳು ಸಂದೇಶಗಳಿಗೆ ಹೆದರಿ ಈಶಾನ್ಯ ಸೀಮೆಯ ಸಹಸ್ರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿ ಓಡಿದುದನ್ನು ನಾವು ಮರೆತಿಲ್ಲ. ಆಗ ಒಬ್ಬನು ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶಗಳನ್ನು ಗುಂಪಾಗಿ ಕಳುಹಿಸಕೂಡದೆಂದು ಸರ್ಕಾರ ಕಟ್ಟುಮಾಡಬೇಕಾಯಿತು. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಯಾಪಿನ ವದಂತಿಯಿಂದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲೊಬ್ಬನೂ, ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನೂ ಜನರ ಕೈಯಲ್ಲೇ ಹತರಾದರು. ನಮ್ಮ ನಾಗಮಂಗಲದಲ್ಲಿ ೨೦೨೪ರ ಸೆಪ್ಟೆಂಬರ್ ೧೧ರ ರಾತ್ರಿ ಗಣಪತಿಯ ಮೆರವಣಿಗೆಯ ವೇಳೆ ಎದ್ದ ಗಲಭೆಯಲ್ಲಿ ಅಂಗಡಿಮುಂಗಟ್ಟುಗಳು ಸುಟ್ಟುಹೋದವು. ಇಂತಹ ರಾತ್ರಿ ಒಂದು ಸುಳ್ಳು ಚಿತ್ರವು ತಾಲ್ಲೂಕಿನಿಂದ ತಾಲ್ಲೂಕಿಗೆ ಗಳಿಗೆಯೊಳಗೆ ಹಾರಬಲ್ಲುದೆಂಬುದನ್ನು ಮಂಡ್ಯ ಜಿಲ್ಲೆಯ ಯಾವ ಅಧಿಕಾರಿಗೂ ಹೇಳಿಕೊಡಬೇಕಾದುದಿಲ್ಲ. ಹೆಣ್ಣುಮಕ್ಕಳ ಮುಖವನ್ನು ಪರರ ದೇಹಕ್ಕೆ ಅಂಟಿಸಿ ಮಾನ ಕಳೆಯುವ ಯಂತ್ರವಿದ್ಯೆಯೂ ಈಗ ಬೀದಿಗೆ ಬಂದಿದೆ. ಸರ್ಕಾರದ ವಕೀಲರು ೨೦೨೫ರ ಜುಲೈಯ ವಿಚಾರಣೆಯಲ್ಲಿ, ಕರ್ನಾಟಕದ ಸರ್ವೋಚ್ಚ ನ್ಯಾಯಾಲಯವೆಂಬ ಇಲ್ಲದ ಸಂಸ್ಥೆಯ ಹೆಸರಿನಲ್ಲಿ ಎಕ್ಸ್‌ನಲ್ಲಿಯೇ ಖಾತೆಯೊಂದನ್ನು ತೆರೆದು ಅದಕ್ಕೆ ಕಂಪೆನಿಯ ದೃಢೀಕರಣದ ಮುದ್ರೆಯನ್ನೂ ಪಡೆದು ತೋರಿಸಿದರು. ಮುದ್ರೆ ಒತ್ತುವವರ ಎಚ್ಚರ ಎಷ್ಟೆಂಬುದು ಅಲ್ಲಿಗೆ ಗೊತ್ತಾಯಿತು.

ಹೀಗಿರುವಾಗ ಯಾವ ತಡೆಯೂ ಬೇಡವೆನ್ನುವವನು ವಿವೇಕಿಯಲ್ಲ. ನಮ್ಮ ಸಂವಿಧಾನದ ೧೯ನೆಯ ಅನುಚ್ಛೇದವೇ ವಾಕ್ ಸ್ವಾತಂತ್ರ್ಯವನ್ನು ಒಂದು ಕೈಯಿಂದ ಕೊಟ್ಟು, ಯುಕ್ತವಾದ ನಿರ್ಬಂಧಗಳನ್ನು ಇನ್ನೊಂದು ಕೈಯಲ್ಲಿ ಇಟ್ಟುಕೊಂಡಿದೆ. ಆದರೆ ನಿರ್ಬಂಧವು ಯುಕ್ತವೋ ಅಯುಕ್ತವೋ ಎಂದು ಹೇಳಬೇಕಾದರೆ ನಿರ್ಬಂಧ ಯಾವುದೆಂದು ಮೊದಲು ಕಾಣಬೇಕಷ್ಟೆ. ಕಾಣದ ನಿರ್ಬಂಧದ ಯುಕ್ತಾಯುಕ್ತತೆಯನ್ನು ತೂಗುವ ತಕ್ಕಡಿ ಎಲ್ಲಿದೆ? ನಮ್ಮ ಆಕ್ಷೇಪಣೆಯೆಲ್ಲವೂ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ.

೨೦೦೯ರ ನಿಯಮಗಳಲ್ಲಿ ೧೬ನೆಯದೆಂಬುದೊಂದಿದೆ. ಬಂದ ದೂರುಗಳೂ ಅವುಗಳ ಮೇಲೆ ಕೈಗೊಂಡ ಕ್ರಮಗಳೂ ಗೋಪ್ಯವಾಗಿರಬೇಕೆಂದು ಅದು ವಿಧಿಸುತ್ತದೆ. ಮಾಹಿತಿ ಹಕ್ಕಿನ ಕಾಯಿದೆಯಂತೆ ಅರ್ಜಿ ಕೊಟ್ಟು ಕೇಳಿದವರಿಗೂ ಈ ನಿಯಮವನ್ನೇ ಮುಂದೆ ಹಿಡಿದು ಉತ್ತರವನ್ನು ನಿರಾಕರಿಸಿದ್ದುಂಟು. ೮ನೆಯ ನಿಯಮವು ನೋಟೀಸನ್ನು ಬರೆದವನಿಗೆ ಅಥವಾ ಜಾಲತಾಣದ ಕಂಪೆನಿಗೆ ಕೊಡಬೇಕೆನ್ನುತ್ತದೆ. ಆ 'ಅಥವಾ' ಎಂಬ ಮೂರಕ್ಷರವು ಎಷ್ಟು ಅನರ್ಥಕ್ಕೆ ಎಡೆಕೊಟ್ಟಿದೆ ನೋಡಿರಿ! ಕಂಪೆನಿಗೆ ನೋಟೀಸು ಮುಟ್ಟಿದರೆ ಸಾಕು, ಬರೆದವನಿಗೆ ತಿಳಿಸಬೇಕಾದುದಿಲ್ಲವೆಂದಾಯಿತು. ವರದಕ್ಷಿಣೆಯ ದುರಾಚಾರವನ್ನು ಗೇಲಿ ಮಾಡಲೆಂದು, ವರನ ಬೆಲೆಯನ್ನು ಲೆಕ್ಕಹಾಕುವ ವಿಡಂಬನೆಯ ಜಾಲತಾಣವೊಂದನ್ನು ಒಬ್ಬರು ನಡೆಸುತ್ತಿದ್ದರು. ೨೦೧೮ರಲ್ಲಿ ಅದನ್ನು ಸರ್ಕಾರ ಮುಚ್ಚಿಸಿತು. ಯಾವ ಆಜ್ಞೆಯಿಂದ ಮುಚ್ಚಿತೆಂಬ ಕಾಗದದ ನಕಲನ್ನು ಆತನಿಗೆ ಕೊಟ್ಟು ಆತನ ಮಾತನ್ನು ಕೇಳಬೇಕೆಂದು ದೆಹಲಿಯ ಉಚ್ಚ ನ್ಯಾಯಾಲಯ ಅಪ್ಪಣೆ ಮಾಡಿದುದು ೨೦೨೨ರ ಮೇ ತಿಂಗಳಲ್ಲಿ. ತನ್ನ ಮನೆಗೆ ಬೀಗ ಹಾಕಿದ ಕಾಗದವನ್ನು ಕಣ್ಣಿನಿಂದ ನೋಡುವುದಕ್ಕೆ ಒಬ್ಬ ಪ್ರಜೆಗೆ ಸುಮಾರು ನಾಲ್ಕು ವರ್ಷ ಹಿಡಿಯಿತು. ವಿದ್ಯಾವಂತನೂ ರಾಜಧಾನಿಯ ನ್ಯಾಯಾಲಯದ ಮೆಟ್ಟಿಲು ಹತ್ತಬಲ್ಲವನೂ ಆದವನ ಪಾಡು ಇದು.

ಟ್ವಿಟರ್ ಕಂಪೆನಿಯು ಇದಕ್ಕೆ ಹಿಂದೆಯೂ ಒಮ್ಮೆ ನಮ್ಮ ಉಚ್ಚ ನ್ಯಾಯಾಲಯಕ್ಕೆ ಬಂದಿತ್ತು. ದೆಹಲಿಯ ಗಡಿಗಳಲ್ಲಿ ರೈತರು ಕುಳಿತಿದ್ದ ಕಾಲದಲ್ಲಿ, ೨೦೨೧ರ ಫೆಬ್ರವರಿ ೧ರಂದು, ಕಿಸಾನ್ ಏಕತಾ ಮೋರ್ಚಾ ಎಂಬ ರೈತರ ಖಾತೆಯೂ ಒಂದು ಪತ್ರಿಕೆಯ ಖಾತೆಯೂ ಸೇರಿ ಸುಮಾರು ೨೫೦ ಖಾತೆಗಳು ಸರ್ಕಾರದ ಆಜ್ಞೆಯಂತೆ ಈ ದೇಶದಲ್ಲಿ ಕಾಣದಾದವು. ಗಳಿಗೆಗಳೊಳಗೆ ಅವುಗಳಲ್ಲಿ ಹಲವು ಮತ್ತೆ ಕಂಡವು. ಆ ವರ್ಷದಲ್ಲಿ ಬಂದ ಆಜ್ಞೆಗಳಲ್ಲಿ ಕೆಲವನ್ನು ಕಂಪೆನಿಯು ೨೦೨೨ರ ಜುಲೈಯಲ್ಲಿ ಪ್ರಶ್ನಿಸಿತು. ೨೦೨೩ರ ಜೂನ್ ೩೦ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರು ಆ ಅರ್ಜಿಯನ್ನು ವಜಾ ಮಾಡಿ ೫೦ ಲಕ್ಷ ರೂಪಾಯಿಗಳ ಖರ್ಚನ್ನು ಹೇರಿದರು. ವರ್ಷಕ್ಕೂ ಮಿಕ್ಕಿ ಆಜ್ಞೆಗಳನ್ನು ಪಾಲಿಸದೆ ಕುಳಿತು, ಬಳಿಕ ನ್ಯಾಯಾಲಯಕ್ಕೆ ಬಂದುದಕ್ಕೆ ಅದು ಶಿಕ್ಷೆ. ನೀವು ಏನೂ ಅರಿಯದ ರೈತರಲ್ಲ, ಕೋಟ್ಯಂತರ ಡಾಲರಿನ ಕಂಪೆನಿಯವರು ಎಂಬರ್ಥದ ಮಾತನ್ನೂ ಆಗ ನ್ಯಾಯಪೀಠವು ಹೇಳಿತು. ಕಂಪೆನಿಯ ವಿಷಯದಲ್ಲಿ ಆ ಮಾತು ಸರಿಯೇ. ಆದರೆ ಅದನ್ನು ಓದಿದಂದಿನಿಂದ ನಮ್ಮ ಮನಸ್ಸಿನಲ್ಲಿ ಒಂದು ಶಂಕೆ ಕುಳಿತಿದೆ: ಹಾಗಾದರೆ ರೈತನೇ ಬಂದಿದ್ದರೆ ಏನಾಗುತ್ತಿತ್ತು?

ಕಿಕ್ಕೇರಿ ಹೋಬಳಿಯ ರೈತನೊಬ್ಬನನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಹೇಮಾವತಿಯ ಎಡದಂಡೆ ನಾಲೆಯ ನೀರು ತುದಿಯ ಗದ್ದೆಗಳಿಗೆ ಬರಲಿಲ್ಲವೆಂದೂ, ನಾಲೆಯ ಕೆಲಸದ ಹಣ ಎಲ್ಲಿ ಹೋಯಿತೆಂದೂ ಆತನು ಒಣಗಿದ ತೂಬಿನ ಚಿತ್ರದೊಡನೆ ಬರೆದನೆನ್ನೋಣ. ಆ ಬರಹ ಜನಗಳಲ್ಲಿ ಗದ್ದಲವೆಬ್ಬಿಸುವುದೆಂದು ಎಲ್ಲಿಯೋ ಒಬ್ಬ ಅಧಿಕಾರಿಗೆ ತೋರಿ, ತೆಗೆಯಿರೆಂದು ಕಂಪೆನಿಗೆ ನಿರೂಪ ಹೋಗುತ್ತದೆ. ಕಂಪೆನಿಯವರು ಏನು ಮಾಡುವರು? ತೆಗೆಯದಿದ್ದರೆ ತಮ್ಮ ಅಭಯ ಹೋಗುವುದು. ತೆಗೆದರೆ ಒಬ್ಬ ರೈತನ ನಾಲ್ಕು ಸಾಲು ಹೋಗುವುದು. ಲಾಭನಷ್ಟ ಬಲ್ಲ ಯಾವ ವ್ಯಾಪಾರಿಯು ಎರಡನೆಯದನ್ನು ಆರಿಸದಿರುವನು? ಬೆಳಗಾಗುವುದರೊಳಗೆ ಬರಹ ಮಾಯವಾಗುತ್ತದೆ. ಯಾರು ಹೇಳಿದರು, ಯಾವ ಕಾಯಿದೆಯ ಯಾವ ಕಲಮಿನಂತೆ, ಯಾವ ವಾಕ್ಯ ತಪ್ಪೆಂದು—ಇದೊಂದೂ ಆತನಿಗೆ ತಿಳಿಯದು.

ಈಗ ತೀರ್ಪಿನ ಕಡೆಗೆ ತಿರುಗೋಣ. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು, ೧೯ನೆಯ ಅನುಚ್ಛೇದದ ಸ್ವಾತಂತ್ರ್ಯವು ಭಾರತದ ನಾಗರಿಕರದು, ಪರದೇಶದ ಕಂಪೆನಿಯು ಅದನ್ನು ತನ್ನದೆಂದು ಬೇಡಲಾರದು ಎಂಬುದು. ಸಂವಿಧಾನದ ಅಕ್ಷರವನ್ನು ನೋಡಿದರೆ ಇದು ನಿರ್ವಿವಾದ. ತನ್ನ ದೇಶದ ಕಾನೂನನ್ನು ಅಲ್ಲಿ ಪಾಲಿಸಿ ನಮ್ಮ ದೇಶದ ಕಾನೂನನ್ನು ಇಲ್ಲಿ ಪಾಲಿಸೆನೆಂದು ಕಂಪೆನಿಯು ಹೇಳುವುದೂ ಸಲ್ಲದು; ಇದರಲ್ಲಿಯೂ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಎರಡನ್ನೂ ಜೋಡಿಸಿ ನೋಡಿರಿ. ನಿರೂಪವನ್ನು ಕಂಡ ಕಂಪೆನಿಗೆ ಹಕ್ಕಿಲ್ಲ. ಹಕ್ಕಿರುವ ನಾಗರಿಕನಿಗೆ ನಿರೂಪ ಕಾಣುವುದಿಲ್ಲ. ಬಲ್ಲವನು ಕೇಳಲಾರ, ಕೇಳಬಲ್ಲವನು ಅರಿಯ. ಹೀಗಾದರೆ ಹಕ್ಕು ಕಾಗದದ ಮೇಲೆ ಉಳಿದು, ಅದನ್ನು ಹಿಡಿದು ನ್ಯಾಯಾಲಯಕ್ಕೆ ಬರುವ ಕೈಯೇ ಇಲ್ಲದಂತಾಗುವುದು. ಕಂಪೆನಿಯು ಸೋತುದರಲ್ಲಿ ನಮಗೆ ದುಃಖವಿಲ್ಲ. ಕಂಪೆನಿಯ ಸೋಲಿನ ನೆರಳಿನಲ್ಲಿ ನಾಗರಿಕನ ಪ್ರಶ್ನೆಯು ಕೇಳದೆಯೇ ಉಳಿಯಿತಲ್ಲ ಎಂಬುದೇ ನಮ್ಮ ಚಿಂತೆ. ಕಂಪೆನಿಯವರು ಮೇಲ್ಮನವಿಯ ಮಾತನ್ನು ಆಗಲೇ ಆಡಿದರು; ಅದರ ಫಲ ಏನಾದರೂ ಆಗಲಿ, ನಾಗರಿಕನ ಪ್ರಶ್ನೆಗೆ ನಾಗರಿಕನ ಹೆಸರಿನಲ್ಲಿಯೇ ಉತ್ತರ ದೊರೆಯಬೇಕು.

ಈ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದ ಗಮನಕ್ಕೆ ಬಾರದುದೇನಲ್ಲ. ಮುಂಬಯಿಯ ಬಳಿಯ ಪಾಲಘರಿನ ಇಬ್ಬರು ಯುವತಿಯರನ್ನು ಫೇಸ್‌ಬುಕ್ಕಿನ ಒಂದು ಬರಹಕ್ಕಾಗಿ ೨೦೧೨ರಲ್ಲಿ ದಸ್ತಗಿರಿ ಮಾಡಿದಾಗ ಎದ್ದ ಕೂಗಿನಿಂದ ಹುಟ್ಟಿದ ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ, ೨೦೧೫ರ ಮಾರ್ಚ್ ೨೪ರಂದು, ಆ ನ್ಯಾಯಾಲಯವು ೬೬ಎ ಎಂಬ ಕಲಮನ್ನು ಸಂಪೂರ್ಣವಾಗಿ ತೊಡೆದುಹಾಕಿತು. ೬೯ಎ ಕಲಮನ್ನು ಮಾತ್ರ ಉಳಿಸಿತು. ಅದರಲ್ಲಿ ಕಾರಣ ಬರೆಯುವುದು, ಸಮಿತಿ, ವಿಚಾರಣೆ ಮುಂತಾದ ಕಟ್ಟುಪಾಡುಗಳು ಇವೆಯೆಂಬುದೇ ಉಳಿಸಿದುದಕ್ಕೆ ಆಧಾರವಾಯಿತು. ಆ ಕಟ್ಟುಪಾಡುಗಳಿಲ್ಲದ ಇನ್ನೊಂದು ಬಾಗಿಲಿನಿಂದ ಅದೇ ಕೆಲಸವನ್ನು ಮಾಡಿದರೆ, ಉಳಿಸಿದ ಕಾರಣವೇ ಉಳಿಯಲಿಲ್ಲವಲ್ಲವೆ? ಆ ತೀರ್ಪು ೨೦೧೧ರ ನಿಯಮಗಳಿಗೆ ಸಂಬಂಧಿಸಿದುದು, ೨೦೨೧ರ ಹೊಸ ನಿಯಮಗಳಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು ಎಂದು ನಮ್ಮ ಉಚ್ಚ ನ್ಯಾಯಾಲಯ ಹೇಳಿದೆ. ನಿಯಮ ಹೊಸದಾಗಬಹುದು, ಕೇಳದೆ ಶಿಕ್ಷಿಸಬಾರದೆಂಬ ನ್ಯಾಯ ಹಳೆಯದೇ. ೨೦೨೫ರ ಮಾರ್ಚಿಯಲ್ಲಿ ೨೦೦೯ರ ನಿಯಮಗಳ ಮೇಲಣ ಅರ್ಜಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರಕ್ಕೆ ನೋಟೀಸು ಕೊಡುವಾಗ, ಗುರುತು ಸಿಕ್ಕುವ ಲೇಖಕನಿಗೆ ತಿಳಿವಳಿಕೆ ಕೊಡಬೇಕಾದುದು ಮೇಲುನೋಟಕ್ಕೆ ಅಗತ್ಯವೆಂಬ ಅಭಿಪ್ರಾಯವನ್ನು ಸೂಚಿಸಿತ್ತು. ನಮ್ಮ ಆಶೆ ಆ ದಿಕ್ಕಿನಲ್ಲಿದೆ.

ಅಧಿಕಾರವು ಹಲವು ಕೈಗಳಿಗೆ ಹಂಚಿದಷ್ಟೂ ಹಗುರವಾಗಿ ಬಳಕೆಯಾಗುವುದು ಲೋಕಸ್ವಭಾವ. ಹೈದರಾಬಾದಿನಲ್ಲಿ ಸ್ತ್ರೀಯೊಬ್ಬಳು ರೈಲು ಹಳಿಯ ಮೇಲೆ ಕಾರು ಓಡಿಸಿದ ಚಿತ್ರವನ್ನು ತೆಗೆಯಿರೆಂದು ರೈಲ್ವೆ ಖಾತೆಯಿಂದ ಎಕ್ಸ್ ಕಂಪೆನಿಗೆ ನಿರೂಪ ಹೋದ ಸಂಗತಿ ೨೦೨೫ರ ಜುಲೈಯ ವಿಚಾರಣೆಯಲ್ಲಿ ಹೊರಬಿತ್ತು. ಕಂಪೆನಿಯ ವಕೀಲರು ಆ ಸಂದರ್ಭದಲ್ಲಿ ಅಧಿಕಾರಿಗಳನ್ನು ಹಗುರವಾಗಿ ಕರೆದುದು ತಪ್ಪು. ಸರ್ಕಾರದ ವಕೀಲರು ಅದನ್ನು ಖಂಡಿಸಿದುದು ಸರಿ. ಆದರೆ ಹಳಿಯ ಮೇಲೆ ಕಾರು ಓಡಿದುದು ನಡೆದ ಸುದ್ದಿ. ಪತ್ರಿಕೆಗಳು ಅದನ್ನು ಅಚ್ಚುಮಾಡಿದ್ದವು. ನಡೆದುದನ್ನು ಜನ ಕಾಣಬಾರದೆನ್ನುವುದಕ್ಕೂ ದೇಶದ ಸಾರ್ವಭೌಮತೆಗೂ ಏನು ಸಂಬಂಧ?

ಕೇಂದ್ರ ಸರ್ಕಾರದವರು ೨೦೨೫ರ ಅಕ್ಟೋಬರ್ ೨೨ರಂದು ನಿಯಮವನ್ನು ಸ್ವಲ್ಪ ತಿದ್ದಿದರು. ನವೆಂಬರ್ ೧೫ರಿಂದ ಜಾಯಿಂಟ್ ಸೆಕ್ರೆಟರಿಯ ದರ್ಜೆಗೆ, ಪೊಲೀಸರಲ್ಲಿ ಡಿ. ಐ. ಜಿ. ದರ್ಜೆಗೆ ಕಡಮೆಯಾದವರು ಇಂತಹ ನಿರೂಪ ಕೊಡಕೂಡದು; ಕಾನೂನಿನ ಆಧಾರವನ್ನೂ ಬರಹದ ಗುರುತನ್ನೂ ಸ್ಪಷ್ಟವಾಗಿ ಕಾಣಿಸಬೇಕು; ತಿಂಗಳಿಗೊಮ್ಮೆ ಮೇಲಧಿಕಾರಿಗಳು ಪರಿಶೀಲಿಸಬೇಕು. ಇದು ಒಳ್ಳೆಯ ತಿದ್ದುಪಡಿ; ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಕಾರಣವು ಕಂಪೆನಿಗೆ ಹೇಳಿದುದಾಯಿತೇ ಹೊರತು ಬರೆದವನಿಗೆ ಹೇಳಿದುದಾಗಲಿಲ್ಲ. ಪರಿಶೀಲಿಸುವವರೂ ಸರ್ಕಾರದವರೇ. ೨೦೨೬ರ ಫೆಬ್ರವರಿಯ ಇನ್ನೊಂದು ತಿದ್ದುಪಡಿಯಂತೆ, ಬರಹವನ್ನು ತೆಗೆಯಲು ಮೊದಲಿದ್ದ ೩೬ ಗಂಟೆಯ ಅವಧಿಯು ೩ ಗಂಟೆಗೆ ಇಳಿಯಿತು. ಹೆಣ್ಣುಮಗಳ ಮಾನ ಕಳೆಯುವ ಸುಳ್ಳು ಚಿತ್ರಕ್ಕೆ ಮೂರು ಗಂಟೆಯೂ ಹೆಚ್ಚೇ. ಆದರೆ ರೈತನ ತೂಬಿನ ಚಿತ್ರಕ್ಕೂ ಅದೇ ಮೂರು ಗಂಟೆಯಾದರೆ, ಸರಿಯೋ ತಪ್ಪೋ ಎಂದು ಓದಿ ನೋಡುವ ವ್ಯವಧಾನ ಯಾರಿಗಿದ್ದೀತು? ಮೊದಲು ಅಳಿಸು, ಆಮೇಲೆ ಯೋಚಿಸು ಎಂಬುದೇ ಧರ್ಮವಾಗುವುದು.

ದೆಹಲಿಯನ್ನು ಮಾತ್ರ ಬೊಟ್ಟುಮಾಡಿ ಬೆಂಗಳೂರನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ೨೦೨೫ರ ಜೂನಿನಲ್ಲಿ ರಾಜ್ಯ ಸರ್ಕಾರದ ಸುಳ್ಳು ಸುದ್ದಿ ನಿಷೇಧದ ಮಸೂದೆಯ ಕರಡೊಂದು ಬೆಳಕಿಗೆ ಬಂದಿತು. ಏಳು ವರ್ಷಗಳವರೆಗೆ ಸೆರೆ, ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ, ಮಂತ್ರಿಯೊಬ್ಬರ ಅಧ್ಯಕ್ಷತೆಯಲ್ಲಿ ಪ್ರಾಧಿಕಾರ—ಇವು ಅದರಲ್ಲಿದ್ದವು. ಯಾವುದು ಸತ್ಯ, ಯಾವುದು ಸುಳ್ಳು ಎಂಬುದನ್ನು ಮಂತ್ರಿಯ ಪೀಠ ತೀರ್ಮಾನಿಸಿದರೆ, ಮಂತ್ರಿಯ ಮೇಲಣ ಟೀಕೆ ಯಾವ ಪಟ್ಟಿಗೆ ಸೇರುವುದೆಂದು ಊಹಿಸುವುದು ಕಷ್ಟವಲ್ಲ. ಇಂತಹುದೇ ಕೇಂದ್ರದ ಸತ್ಯಶೋಧನ ಘಟಕವನ್ನು ಮುಂಬಯಿಯ ಉಚ್ಚ ನ್ಯಾಯಾಲಯವು ೨೦೨೪ರ ಸೆಪ್ಟೆಂಬರಿನಲ್ಲಿ ರದ್ದುಮಾಡಿದ್ದುದನ್ನು ಕರಡು ಬರೆದವರು ನೆನೆಯಬೇಕಾಗಿತ್ತು. ಮುಂದೆ ೨೦೨೫ರ ಡಿಸೆಂಬರಿನಲ್ಲಿ ದ್ವೇಷಭಾಷಣ ನಿಷೇಧದ ಮಸೂದೆಯನ್ನು ರಾಜ್ಯದ ಉಭಯ ಸದನಗಳೂ ಅಂಗೀಕರಿಸಿದವು. ಬರಹಗಳನ್ನು ತಡೆಯಲು ಅಧಿಕಾರಿಗೆ ಅವಕಾಶ ಅದರಲ್ಲಿಯೂ ಉಂಟು. ದ್ವೇಷವನ್ನು ಅಡಗಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಂದು ಅಧಿಕಾರದಲ್ಲಿರುವ ಪಕ್ಷವು ಹರಿತಮಾಡಿದ ಕತ್ತಿಯನ್ನು ನಾಳೆ ಬರುವ ಪಕ್ಷವು ಒರೆಯಲ್ಲಿ ಇಟ್ಟು ಪೂಜೆ ಮಾಡುವುದಿಲ್ಲ. ದೆಹಲಿಯಲ್ಲಿ ಒಂದು ಪಕ್ಷ, ಬೆಂಗಳೂರಿನಲ್ಲಿ ಇನ್ನೊಂದು. ಅಲ್ಲಿಯವರು ಇಲ್ಲಿಯ ಕಾಯಿದೆಯನ್ನು ದಬ್ಬಾಳಿಕೆಯೆನ್ನುವರು, ಇಲ್ಲಿಯವರು ಅಲ್ಲಿಯದನ್ನು ಹಾಗೆನ್ನುವರು. ಇಬ್ಬರ ಮಾತೂ ಅರ್ಧ ನಿಜ. ಎರಡು ಅರ್ಧಗಳೂ ಸೇರಿದಾಗ ಪ್ರಜೆಯ ಪಾಲಿಗೆ ಪೂರ್ಣ ನಿಜ.

ನ್ಯಾಯಾಲಯಗಳೂ ಅವಸರಪಟ್ಟರೆ ಇದೇ ಅನರ್ಥವುಂಟು. ೨೦೨೫ರ ಜುಲೈಯಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು, ಎದುರು ಪಕ್ಷದವರ ಮಾತು ಕೇಳುವುದಕ್ಕೆ ಮುಂಚೆಯೇ, ಧರ್ಮಸ್ಥಳದ ವಿಷಯವಾದ ೮,೮೪೨ ಕೊಂಡಿಗಳನ್ನು ಪಟ್ಟಿಮಾಡಿದ ದಾವೆಯಲ್ಲಿ ತಡೆಯಾಜ್ಞೆ ಕೊಟ್ಟಿತು. ಒಂದು ಯೂಟ್ಯೂಬ್ ವಾಹಿನಿಯವರ ಅರ್ಜಿಯ ಮೇಲೆ, ಅವರ ಮಟ್ಟಿಗೆ, ಆಗಸ್ಟ್ ೧ರಂದು ಆ ಆಜ್ಞೆಯನ್ನು ರದ್ದುಮಾಡಿ ಹೊಸದಾಗಿ ವಿಚಾರಿಸಿರೆಂದು ಕಳುಹಿಸಿದವರು ನ್ಯಾಯಮೂರ್ತಿ ನಾಗಪ್ರಸನ್ನ ಅವರೇ. ಆಜ್ಞೆಯ ಕಾಗದ ಕೈಗೆ ಬಂದುದರಿಂದ ಆ ವಾಹಿನಿಯವರಿಗೆ ನ್ಯಾಯದ ಬಾಗಿಲು ತಟ್ಟುವುದು ಸಾಧ್ಯವಾಯಿತು. ಕಾಗದವೇ ಇಲ್ಲದಿದ್ದರೆ ಯಾವ ಬಾಗಿಲನ್ನು ತಟ್ಟಬೇಕಾಗಿತ್ತು? ನಮ್ಮ ವಾದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೈಸೂರು ಸೀಮೆಯವರಿಗೆ ಇದೆಲ್ಲ ಹೊಸದಲ್ಲ. ೧೯೦೮ರಲ್ಲಿ, ವಿ. ಪಿ. ಮಾಧವರಾಯರು ದಿವಾನರಾಗಿದ್ದಾಗ, ಸಂಸ್ಥಾನದಲ್ಲಿ ವೃತ್ತಪತ್ರಿಕೆಗಳ ರೆಗ್ಯುಲೇಷನ್ ಜಾರಿಗೆ ಬಂದಿತು. ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆ ಹೊರಡಿಸಕೂಡದು. ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯಲು ಸರ್ಕಾರಕ್ಕೆ ಅಧಿಕಾರವುಂಟು. ವೃದ್ಧ ಪಿತಾಮಹರೆಂದು ಜನರು ಗೌರವಿಸುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಆ ಕಟ್ಟಿಗೆ ತಲೆಬಾಗದೆ ತಮ್ಮ ಪತ್ರಿಕೆಗಳನ್ನು ನಿಲ್ಲಿಸಿಬಿಟ್ಟರು. ಪತ್ರಿಕೆಗಳು ನಿಂತುವು, ಅಸಮಾಧಾನ ನಿಂತಿತೆ? ಮೂವತ್ತು ವರ್ಷಗಳ ತರುವಾಯ, ೧೯೩೮ರ ಏಪ್ರಿಲ್ ೧೧ರಂದು, ಇದೇ ಮಂಡ್ಯದ ಸೀಮೆಯ ಶಿವಪುರದಲ್ಲಿ, ಮದ್ದೂರಿನ ಮಗ್ಗುಲಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ಸಾವಿರಾರು ರೈತರು ಧ್ವಜವನ್ನು ಏರಿಸಿದರು. ಅದೇ ತಿಂಗಳ ೨೫ರಂದು ವಿದುರಾಶ್ವತ್ಥದಲ್ಲಿ ಗೋಲಿಬಾರು ನಡೆಯಿತು. ಸತ್ತವರ ವಿಷಯದಲ್ಲಿ ಸರ್ಕಾರದ ಲೆಕ್ಕವೊಂದಾಯಿತು, ಜನರ ಲೆಕ್ಕ ಅದಕ್ಕಿಂತ ಬಹಳ ಹೆಚ್ಚಾಯಿತು. ಬಾಯಿ ಕಟ್ಟಿದ ನಾಡಿನಲ್ಲಿ ಸರ್ಕಾರವು ನಿಜ ಹೇಳಿದರೂ ನಂಬುವವರಿರುವುದಿಲ್ಲ. ೧೯೭೫ರ ಜೂನಿನಿಂದ ಇಪ್ಪತ್ತೊಂದು ತಿಂಗಳು ತುರ್ತು ಪರಿಸ್ಥಿತಿಯ ಕತ್ತರಿಯಡಿ ಪತ್ರಿಕೆಗಳಿದ್ದಾಗಲೂ ಹೀಗೆಯೇ ಆಯಿತು: ಅಚ್ಚಾದುದನ್ನು ಜನ ನಂಬಲಿಲ್ಲ, ಪಿಸುಗುಟ್ಟಿದುದನ್ನು ನಂಬಿದರು. ೨೦೧೯ರ ಡಿಸೆಂಬರ್ ೧೯ರಂದು ಮಂಗಳೂರಿನಲ್ಲಿ ಗೋಲಿಬಾರಿಗೆ ಇಬ್ಬರು ಬಲಿಯಾದ ರಾತ್ರಿ ಮೊಬೈಲಿನ ಇಂಟರ್ನೆಟ್ಟನ್ನು ನಿಲ್ಲಿಸಲಾಯಿತು. ವದಂತಿಗೆ ಮಾತ್ರ ಯಾವ ತಂತಿಯೂ ಬೇಕಾಗಲಿಲ್ಲ.

ಪ್ರಜೆಗಳು ಇದಕ್ಕೆ ಹೇಗೆ ಪ್ರತಿಕ್ರಿಯೆ ತೋರಿಸುತ್ತಿದ್ದಾರೆ ಎಂಬುದನ್ನೂ ನೋಡಬೇಕು. ಕೆಲವರು ನ್ಯಾಯಾಲಯಕ್ಕೆ ಹೋಗುತ್ತಾರೆ, ಅವರು ಸಾವಿರಕ್ಕೊಬ್ಬರು. ಕೆಲವರು ಅಳಿಸಿದುದರ ಪಡಿಯಚ್ಚನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ತಡೆದ ಬರಹಕ್ಕೆ ತಡೆಯಿಂದಲೇ ಓದುಗರು ಹೆಚ್ಚುವರು. ಕೆಲವರು ಹೊರಗಿನ ಕಣ್ಣಿಗೆ ಬೀಳದ ವಾಟ್ಸ್ಯಾಪಿನ ಗುಂಪುಗಳೊಳಕ್ಕೆ ಸರಿಯುತ್ತಾರೆ. ಎಲ್ಲರೆದುರಿಗೆ ಆಡಿದ ಸುಳ್ಳನ್ನು ಯಾರಾದರೂ ಎಲ್ಲರೆದುರಿಗೆ ಖಂಡಿಸಿಯಾರು. ಆ ಕತ್ತಲೆಯಲ್ಲಿ ಆಡಿದ ಸುಳ್ಳಿಗೆ ಎದುರು ಹೇಳುವವರಾರು? ಆದರೆ ಇವರೆಲ್ಲರಿಗಿಂತ ಹೆಚ್ಚಿನವರು ನಾಲ್ಕನೆಯ ಬಗೆಯವರು: ಬರೆದುದನ್ನು ಕಳುಹಿಸುವ ಮುನ್ನ ತಾವೇ ಅಳಿಸಿಬಿಡುವವರು. ತನಗೇಕೆ ಊರ ಉಸಾಬರಿ ಎಂದು ಉಪಾಧ್ಯಾಯನು ಸುಮ್ಮನಾಗುತ್ತಾನೆ, ಅಂಗಡಿಯವನು ಸುಮ್ಮನಾಗುತ್ತಾನೆ, ಹೆಂಡತಿ ಬೇಡವೆಂದಳೆಂದು ರೈತನೂ ಸುಮ್ಮನಾಗುತ್ತಾನೆ. ಯಾವ ಪೋರ್ಟಲಿನ ಲೆಕ್ಕಕ್ಕೂ ಸಿಕ್ಕದ ಸೆನ್ಸಾರು ಇದೇ. ನಾಲೆ ಒಣಗಿದ ಸುದ್ದಿ ಮೇಲಧಿಕಾರಿಗೆ ತಲುಪದಿದ್ದರೆ ನಷ್ಟ ರೈತನೊಬ್ಬನದಲ್ಲ, ಆಳುವವರದೂ ಹೌದು. ದೂರು ಕೇಳಿಸದ ಕಿವಿಯು ಆಡಳಿತಕ್ಕೆ ಬಂದ ರೋಗವೇ ಹೊರತು ಶಾಂತಿಯಲ್ಲ.

ಪ್ರಜೆಗಳಿಗೂ ಎರಡು ಮಾತು ಕಠಿನವಾಗಿ ಹೇಳಬೇಕಾಗಿದೆ. ಓದದೆ ಮುಂದಕ್ಕೆ ದಾಟಿಸುವುದು, ಪರಿಚಯವಿಲ್ಲದವರನ್ನು ಬಾಯಿಗೆ ಬಂದಂತೆ ಬಯ್ಯುವುದು, ಜಾತಿ ಮತಗಳ ಹೆಸರೆತ್ತಿ ಹಂಗಿಸುವುದು—ಇವನ್ನು ವಾಕ್ ಸ್ವಾತಂತ್ರ್ಯವೆಂದು ಕರೆಯುವುದು ಆ ಹೆಸರಿಗೇ ಅವಮಾನ. ಸ್ವಾತಂತ್ರ್ಯಕ್ಕಾಗಿ ಸೆರೆಮನೆ ಕಂಡವರು ತಮ್ಮ ಬರಹದ ಕೆಳಗೆ ತಮ್ಮ ಹೆಸರು ಹಾಕಿದವರು. ಹೆಸರು ಮರೆಸಿ ಕಲ್ಲೆಸೆಯುವವನೇ ಸೆನ್ಸಾರಿಗೆ ಅತ್ಯುತ್ತಮ ವಕೀಲ. ಬರೆಯುವವನು ನಿಜವನ್ನು ವಿಚಾರಿಸಿ ಬರೆಯಲಿ. ಬರಹವನ್ನು ತೆಗೆದರೆ ದಿನಾಂಕದೊಡನೆ ಅದರ ನಕಲನ್ನು ಇಟ್ಟುಕೊಳ್ಳಲಿ. ಕಂಪೆನಿಯ ದೂರು ಅಧಿಕಾರಿಗೆ ಬರೆಯಲಿ. ಅಲ್ಲಿಯ ಉತ್ತರ ಒಪ್ಪಿಗೆಯಾಗದಿದ್ದರೆ ೨೦೨೩ರಲ್ಲಿ ಸ್ಥಾಪಿತವಾದ ಮೇಲ್ಮನವಿ ಸಮಿತಿಗಳಿಗೆ ೩೦ ದಿನಗಳೊಳಗೆ ಹೋಗಲಿ. ಆ ಸಮಿತಿಗಳನ್ನು ನೇಮಿಸಿದವರೂ ಸರ್ಕಾರದವರೇ ಎಂಬುದನ್ನು ನಾವು ಬಲ್ಲೆವು. ಆದರೂ ಬರೆದಿಟ್ಟ ಒಂದು ದೂರು ನಾಳೆ ನ್ಯಾಯಾಲಯದಲ್ಲಿ ಸಾಕ್ಷಿಯಾಗುವುದು; ಕಟ್ಟೆಯ ಮೇಲೆ ಗೊಣಗಿದ ನೂರು ಮಾತು ಆಗಲಾರದು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಬರೆದವನ ಗುರುತು ಸಿಕ್ಕುವಲ್ಲಿ ಆತನಿಗೆ ನೋಟೀಸು ಕೊಡಬೇಕು. ತುರ್ತಿನ ಸಂದರ್ಭದಲ್ಲಿ ಮೊದಲು ತೆಗೆದರೂ ಆಮೇಲಾದರೂ ತಿಳಿಸಿ, ಆತನ ಮಾತನ್ನು ಕೇಳಬೇಕು. ನಿಜವಾಗಿ ದೇಶದ ರಕ್ಷಣೆಗೆ ಸಂಬಂಧಿಸಿದವನ್ನು ಬಿಟ್ಟು ಉಳಿದ ಆಜ್ಞೆಗಳನ್ನು ಪ್ರಕಟಿಸಬೇಕು. ಇಂಟರ್ನೆಟ್ ನಿಲ್ಲಿಸುವ ಆಜ್ಞೆಗಳನ್ನು ಪ್ರಕಟಿಸಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೨೦ರ ಜನವರಿ ೧೦ರಂದು ಕಾಶ್ಮೀರದ ಮೊಕದ್ದಮೆಯಲ್ಲಿ ಹೇಳಿರುವಾಗ, ಬರಹವನ್ನು ನಿಲ್ಲಿಸುವ ಆಜ್ಞೆಗೆ ಬೇರೆ ನ್ಯಾಯವೇಕೆ? ಪರಿಶೀಲಿಸುವ ಸಮಿತಿಯಲ್ಲಿ ಸರ್ಕಾರದ ಹೊರಗಿನ ಒಬ್ಬ ನ್ಯಾಯವೇತ್ತನಾದರೂ ಇರಬೇಕು. ಎಷ್ಟು ಆಜ್ಞೆ ಹೊರಟುವು, ಯಾವ ಖಾತೆಯಿಂದ, ಯಾವ ಕಾರಣಕ್ಕೆ ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಸಂಸತ್ತಿನ ಮುಂದೆಯೂ, ರಾಜ್ಯದ ಮಟ್ಟಿನದನ್ನು ವಿಧಾನಸಭೆಯ ಮುಂದೆಯೂ ಇಡಬೇಕು. ಈ ಪತ್ರಿಕೆಯನ್ನು ಓದುವ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಕಾರಣವನ್ನು ಧೈರ್ಯವಾಗಿ ಬರೆದು ಸಹಿ ಹಾಕಬಲ್ಲ ಆಜ್ಞೆಯನ್ನು ಕೊಡಿರಿ, ಬರೆಯಲು ಕೈ ಅಳುಕಿದರೆ ಆ ಆಜ್ಞೆಯನ್ನು ಕೊಡಬೇಡಿರಿ.

ಕಿಕ್ಕೇರಿಯಲ್ಲಿ ಹೊಯ್ಸಳರ ಕಾಲದ ಬ್ರಹ್ಮೇಶ್ವರನ ಗುಡಿಯಿದೆ, ೧೧೭೧ರ ಕಟ್ಟ‌ಡವದು. ನಮ್ಮ ಭಾಷೆಯಲ್ಲಿ ಶಾಸನವೆಂಬ ಒಂದೇ ಮಾತಿಗೆ ಅರಸನ ಆಜ್ಞೆಯೆಂದೂ ಕಲ್ಲಿನ ಬರಹವೆಂದೂ ಎರಡರ್ಥವಿರುವುದು ಆಕಸ್ಮಿಕವಲ್ಲ. ದತ್ತಿಯಾಗಲಿ, ತೆರಿಗೆಯಾಗಲಿ, ಕಟ್ಟುಪಾಡಾಗಲಿ, ಅಂದಿನವರು ಅದನ್ನು ಕಲ್ಲಿನಲ್ಲಿ ಕೊರೆಯಿಸಿ ಊರ ನಡುವೆ, ದೇವರ ಮುಂದೆ ನಿಲ್ಲಿಸಿದರು. ಓದಬಲ್ಲವನು ಓದಿದನು, ಓದಲಾರದವನು ಓದಿಸಿ ಕೇಳಿದನು, ಆಳುವವನು ತಪ್ಪಿದರೆ ಕಲ್ಲನ್ನು ತೋರಿಸಿ ಕೇಳುವುದಕ್ಕೂ ಎಡೆಯಿತ್ತು. ಅರಸೊತ್ತಿಗೆಯ ಕಾಲದವರಿಗೆ ಎಲ್ಲರ ಕಣ್ಣಮುಂದೆ ಇಡಬಹುದಾಗಿದ್ದ ಶಾಸನವನ್ನು, ಪ್ರಜೆಗಳೇ ಆರಿಸಿದ ಸರ್ಕಾರಗಳು ಪ್ರಜೆಗಳಿಂದ ಮರೆಮಾಡಬೇಕಾಗಿ ಬಂದಿರುವುದು ಏಕೆ? ಈ ಪ್ರಶ್ನೆಗೆ ದೆಹಲಿಯವರೂ ಬೆಂಗಳೂರಿನವರೂ ಉತ್ತರ ಕೊಡಬೇಕು. ಅದನ್ನು ಕೇಳುತ್ತಿರಬೇಕಾದವರು ನಾವು, ನೀವು, ಕಿಕ್ಕೇರಿಯ ಆ ರೈತ.